ಸೈಟೇಷನ್ ಬಗ್ಗೆ ಕೇಳೋ ನಮ್ಮ ಕಡೆ ಹುಡುಗ್ರಿಗೆ: ಇ. ಕೋಲಿ ಜೊತೆ ನನ್ನ ಅನುಭವ

ಧಾರವಾಡ, ಬೆಳಗಾವಿ, ವಿಜಯಪುರ ಕಡೆಯಿಂದ ಪುಣೆಗೆ ಪಿಎಚ್‌ಡಿ ಮಾಡಾಕ ಬರೋ ಹುಡುಗ್ರು ನನಗ ಮೊದಲು ಕೇಳೋದೇ ಇದು, ಮೇಡಂ ಸೈಟೇಷನ್ ಹೆಚ್ಚಾಗಬೇಕಂದ್ರ ಏನ್ ಮಾಡ್ಬೇಕ್ರಿ ಅಂತ. ಸೈಟೇಷನ್ ಅಂದ್ರ ನಮ್ಮ ಪೇಪರನ್ನ ಬ್ಯಾರೆಯವರು ತಮ್ಮ ಪೇಪರಿನಾಗ ಉಲ್ಲೇಖ ಮಾಡೋದು. ನಾನೂ ಧಾರವಾಡದಾಗ ಎಂಎಸ್ಸಿ ಮುಗಿಸಿ ಪುಣೆಯ ಪಾಷಾಣ್ ಕಡೆ ಬಂದಾಕಿ, ಇಲ್ಲೇ ಬ್ಯಾಕ್ಟೀರಿಯಾ ಜೆನೆಟಿಕ್ಸ್ ಮಾಡ್ಕೋತ ತಲಿ ಬೆಳ್ಳಗಾಗೇದ, ಹಿಂಗಾಗಿ ನಾನು ಮಾಡಿದ್ದನ್ನ ಬರೀತೀನಿ. ನಾವು ಮಾಡಿದ ಸ್ಟ್ರೇನ್ (ಬ್ಯಾಕ್ಟೀರಿಯಾದ ತಳಿ) ಇನ್ನೊಬ್ಬರ ಲ್ಯಾಬಿಗೆ ಹೋಗಿ ಅಲ್ಲೂ ಅದೇ ರಿಸಲ್ಟ್ ಕೊಟ್ರ ಸೈಟೇಷನ್ ತಾನಾಗೇ ಬರ್ತದ. ನನ್ನ ಪೇಪರ್‌ಗಳೊಳಗ ಹೆಚ್ಚು ಸೈಟ್ ಆಗಿದ್ದೂ ದೊಡ್ಡ ಜರ್ನಲ್‌ದಾಗ ಬಂದಿದ್ದಲ್ಲ, ಆಸಿಡ್ ತಡ್ಕೊಳ್ಳೋ ಒಂದು ಜೀನ್ ಮ್ಯಾಲೆ ಮಾಡಿದ ಸಣ್ಣ ಪೇಪರ್.

ಅದರಾಗ ಏನ್ ಮಾಡಿದ್ವಿ ಅಂದ್ರ, 2006ರಾಗ ಜಪಾನ್‌ದವರು ಕೀಯೋ ಕಲೆಕ್ಷನ್ ಅಂತ ತಂದ್ರು, ಇ. ಕೋಲಿ ಅನ್ನೋ ಕರಳಿನ ಬ್ಯಾಕ್ಟೀರಿಯಾದ 4288 ಜೀನ್ ಒಂದೊಂದಾಗಿ ತೆಗೀಲಿಕ್ಕೆ ಪ್ರಯತ್ನ ಮಾಡಿ 3985 ಮ್ಯುಟೆಂಟ್ (ಒಂದೊಂದು ಜೀನ್ ಇಲ್ಲದ ಸ್ಟ್ರೇನ್) ಮಾಡಿಟ್ಟಾರ, ಪ್ರತಿಯೊಂದರಾಗ ಜೀನ್ ಇದ್ದ ಜಾಗಕ್ಕ ಕ್ಯಾನಮೈಸಿನ್ ಮಾರ್ಕರ್, ಅಂದ್ರ ಆ ಆಂಟಿಬಯಾಟಿಕ್ ತಡ್ಕೊಳ್ಳೋ ಜೀನ್. ಭಾಳ ಮಂದಿ ಅದನ್ನ ತರಿಸಿ ನೇರವಾಗಿ ಪ್ರಯೋಗ ಮಾಡಿ ಬರದುಬಿಡ್ತಾರ. ಆದ್ರ ಆ ಸ್ಟ್ರೇನ್‌ದಾಗ ಬ್ಯಾರೆ ಮ್ಯುಟೇಷನ್ ಎಲ್ಲ್ಯಾದ್ರೂ ಅಡಗಿದ್ರ? ಅದಕ್ಕ ನಾನು ಯಾವ ಮ್ಯುಟೇಷನ್ ಇದ್ರೂ ಪಿ1 ಫೇಜ್ (ಬ್ಯಾಕ್ಟೀರಿಯಾಕ್ಕ ಹತ್ತೋ ವೈರಸ್) ಮೂಲಕ ಹೊಸ ಎಂಜಿ1655 ಅನ್ನೋ ಸ್ಟ್ಯಾಂಡರ್ಡ್ ಇ. ಕೋಲಿ ಸ್ಟ್ರೇನ್ ಒಳಗ ಸಾಗಸ್ತೀನಿ, ಇದರಾಗ ರಾಜಿ ಇಲ್ಲ. ಡೋನರ್ (ಮಾರ್ಕರ್ ಇರೋ ಸ್ಟ್ರೇನ್) ಕಲ್ಚರ್‌ಗೆ ಕ್ಯಾಲ್ಸಿಯಂ ಕೊಟ್ಟು ಫೇಜ್ ಬಿಟ್ರ ಎರಡ್ಮೂರು ತಾಸಿನಾಗ ಮಬ್ಬಾಗಿದ್ದ ಟ್ಯೂಬ್ ತಿಳಿ ಆಗ್ತದ, ಒಡದ ಕೋಶದ ಚೂರು ದಾರದಂಗ ತೇಲಾಡ್ತಾವ. ಒಂದೆರಡು ಹನಿ ಕ್ಲೋರೋಫಾರ್ಮ್ ಹಾಕಿ ಸೆಂಟ್ರಿಫ್ಯೂಜ್ ಒಳಗ ತಿರುಗಿಸಿದ್ರ ಮ್ಯಾಲಿನ ತಿಳಿಯೇ ಲೈಸೇಟ್, ಮಾರ್ಕರ್ ಹೊತ್ತ ಫೇಜ್ ಅದರಾಗ ಇರ್ತಾವ. ಅದನ್ನ ಹೊಸ ಸ್ಟ್ರೇನಿಗೆ ಕೂಡಿಸಿ ಅರ್ಧ ತಾಸು ಬಿಟ್ಟು ಸೋಡಿಯಂ ಸಿಟ್ರೇಟ್ ಹಾಕ್ಬೇಕು, ಫೇಜ್ ಅಂಟ್ಕೊಳ್ಳಾಕ ಕ್ಯಾಲ್ಸಿಯಂ ಬೇಕಲ್ಲ, ಸಿಟ್ರೇಟ್ ಅದನ್ನ ಹಿಡದಿಡ್ತದ, ಮುಂದ ಫೇಜ್ ಅಂಟಂಗಿಲ್ಲ. ಕ್ಯಾನಮೈಸಿನ್ ಪ್ಲೇಟಿನ ಮ್ಯಾಲೆ ಬಂದ ಕಾಲೋನಿನ ಮತ್ತ ಸಿಟ್ರೇಟ್ ಪ್ಲೇಟ್‌ದಾಗ ಸ್ಟ್ರೀಕ್ ಮಾಡಿ ಫೇಜ್ ಪೂರ್ತಿ ಕಳೀಬೇಕು. ಈಗ ನೋಡ್ರಿ, ಆಸಿಡ್‌ಗೆ ಸಾಯೋ ಗುಣ ಮಾರ್ಕರ್ ಜೊತಿಗೇ ಬಂತಾ? ಬಂದ್ರ ಪ್ಲಾಸ್ಮಿಡ್ (ಕೋಶದಾಗಿನ ಸಣ್ಣ ಡಿಎನ್ಎ ಉಂಗುರ) ಮ್ಯಾಲೆ ಅದೇ ಜೀನ್ ವಾಪಸ್ ಕೊಟ್ಟು ಆ ಗುಣ ಹೋಗ್ತದೋ ಇಲ್ಲೋ ಅಂತನೂ ನೋಡ್ಬೇಕು, ರಿವ್ಯೂವರ್ ಕೇಳ್ಲಿ ಬಿಡ್ಲಿ.

ಪೇಪರ್ ಬಂದ ಮ್ಯಾಲೆ ಯಾರು ಕೇಳಿದ್ರೂ ಸ್ಟ್ರೇನ್ ಕಳಸ್ತಿದ್ವಿ. ಅಗಾರ್ ಸ್ಟ್ಯಾಬ್ (ಸಣ್ಣ ಬಾಟ್ಲಿಯ ಅಗಾರ್ ಒಳಗ ಚುಚ್ಚಿ ಬೆಳಸಿದ ಬ್ಯಾಕ್ಟೀರಿಯಾ), ಬಾಯಿಗೆ ಪ್ಯಾರಾಫಿಲ್ಮ್, ಜೊತಿಗೆ ಒಂದು ಹಾಳಿ: ಜೀನೋಟೈಪ್, ಪ್ರೈಮರ್, ಯಾವ ಆಂಟಿಬಯಾಟಿಕ್ ಎಷ್ಟು, ಎಷ್ಟು ಡಿಗ್ರಿಗೆ ಬೆಳಸ್ಬೇಕು. ಆ ಹಾಳಿ ಭಾಳ ಕೆಲಸಕ್ಕ ಬಂತು. ಪುಣೆ ಮಳಿಗಾಲದಾಗ ಪ್ಲೇಟಿಗೆ ಬೂಷ್ಟು ಹತ್ತೋದು ಇದ್ದದ್ದೇ, ಆದ್ರ ಸ್ಟ್ಯಾಬ್ ಹೊರಗಿಟ್ರೂ ವಾರಗಟ್ಟಲೆ ತಡೀತದ.

ನನ್ನನ್ನ ಯಾರು ಸೈಟ್ ಮಾಡ್ಯಾರ ಅಂತ ವರ್ಷಕ್ಕೊಮ್ಮೆ ಕೂತು ನೋಡ್ತೀನಿ, ಎಷ್ಟು ಅನ್ನೋದಕ್ಕಿಂತ ಎಲ್ಲಿ ಅನ್ನೋದು ಮುಖ್ಯ. ಇಂಟ್ರೊಡಕ್ಷನ್‌ದಾಗ ಹತ್ತು ಹೆಸರಿನ ಸಾಲಿನಾಗ ನಮ್ದೊಂದು ಇದ್ರ ಅವರು ಪೇಪರ್ ಓದ್ಯಾರೋ ಇಲ್ಲೋ ಹೇಳಾಕ ಬರಂಗಿಲ್ಲ. ಮೆಥಡ್ಸ್‌ದಾಗ ಇದ್ರ ಅವರು ಬಳಸ್ಯಾರ ಅಂತ ಅರ್ಥ. ಮೆಥಡ್ ಪೇಪರಿನ ಬಲ ನೋಡ್ರಿ, 1951ರ ಲೌರಿ ಪ್ರೋಟೀನ್ ಅಳತಿ ಪೇಪರಿಗೆ ಮೂರು ಲಕ್ಷಕ್ಕಿಂತ ಹೆಚ್ಚು ಸೈಟೇಷನ್ ಅದಾವ, ನಮ್ಮ ಫೀಲ್ಡಿನ್ಯಾಗ 2000ದ ಡಾಟ್ಸೆಂಕೊ-ವ್ಯಾನರ್ ಜೀನ್ ಡಿಲೀಷನ್ ಪೇಪರಿಗೆ ಹತ್ತು ಸಾವಿರ ದಾಟ್ಯಾವ.

ಆದ್ರ ಎಣಿಕಿಗೆ ಸಿಗದ ಕೆಲಸನೂ ಅದ. ನಾವು ದಿನಾ ಕುದಿಸೋ ಎಲ್‌ಬಿ ಮೀಡಿಯಂ (ಬ್ಯಾಕ್ಟೀರಿಯಾ ಬೆಳಸೋ ಆಹಾರ), ಈ ಪಿ1 ಫೇಜ್, ಎರಡೂ ಜುಸೆಪ್ಪೆ ಬರ್ಟಾನಿ 1951ರ ಒಂದೇ ಪೇಪರಿನಾಗ ಕೊಟ್ಟಿದ್ದು. ಜಗತ್ತಿನ ಎಲ್ಲಾ ಇ. ಕೋಲಿ ಲ್ಯಾಬ್ ಅದರ ಮ್ಯಾಲೇ ನಡೀತದ, ಎಲ್‌ಬಿ ಅಂತ ಬರಿಯೋವಾಗ ಅವರನ್ನ ಸೈಟ್ ಮಾಡೋರು ಎಷ್ಟು ಮಂದಿ? ಎಲ್ಲರದೂ ಆಗಿಹೋದ ಕೆಲಸಕ್ಕ ಹೆಸರು ಹಚ್ಚೋದು ನಿಂತುಬಿಡ್ತದ. ಎಚ್-ಇಂಡೆಕ್ಸ್ ಅಂತೂ 2005ರಾಗ ಹಿರ್ಷ್ ಅನ್ನೋ ಫಿಸಿಕ್ಸ್‌ದವರು ಹೇಳಿದ್ದು, ತಲಾ 20 ಸೈಟೇಷನ್‌ಗೆ ಕಡಿಮಿ ಇಲ್ಲದ 20 ಪೇಪರ್ ಇದ್ರ 20, ಅಷ್ಟ. ಪ್ರಮೋಷನ್ ಇಂಟರ್‌ವ್ಯೂದಾಗ ಕೇಳೇ ಕೇಳ್ತಾರ, ಹೇಳ್ರಿ, ಆದ್ರ ಕ್ಯಾನ್ಸರ್ ಮ್ಯಾಲೆ ಕೆಲಸ ಮಾಡೋರ ಜೊತಿಗೆ ನಿಮ್ಮ ನಂಬರ್ ಹೋಲಿಸ್ಕೊಂಡು ಕುಗ್ಗಬ್ಯಾಡ್ರಿ, ಅಲ್ಲಿ ಬರಿಯೋರೇ ಎಷ್ಟೋ ಪಟ್ಟು ಹೆಚ್ಚು.

ಇನ್ನೊಂದು ಕೆಲಸ ಈಗ್ಲೇ ಮಾಡ್ರಿ. ಪಿಎಚ್‌ಡಿ ಮುಗದು ನೀವು ಹೋದ ಮ್ಯಾಲೆ ಮೈನಸ್ 80 ಫ್ರೀಜರ್‌ದಾಗಿನ ನಿಮ್ಮ ಡಬ್ಬಿ ಯಾರೂ ನೋಡಂಗಿಲ್ಲ. ಪುಣೆದಾಗೇ ಎನ್‌ಸಿಎಲ್‌ದ ಎನ್‌ಸಿಐಎಂ ಅದ, ಎನ್‌ಸಿಸಿಎಸ್‌ದ ಎನ್‌ಸಿಎಂಆರ್ ಅದ. ಇವೆರಡೂ ಸೂಕ್ಷ್ಮಜೀವಿ ಕಾದಿಡೋ ಸಂಗ್ರಹ. ಮುಖ್ಯವಾದ ಸ್ಟ್ರೇನ್ ಅಲ್ಲಿ ಡಿಪಾಸಿಟ್ ಮಾಡಾಕ ಬರ್ತದೇನು ಅಂತ ಪೇಪರ್ ಕಳಸೋ ಮೊದ್ಲೇ ಕೇಳ್ರಿ, ತಗೊಂಡ್ರ ಅವರು ಕೊಡೋ ನಂಬರ್ ಮೆಥಡ್ಸ್‌ದಾಗ ಹಾಕ್ರಿ.