ಟೈ ರಾಡ್ ಬಿಚ್ಚೋಕೆ ಸುತ್ತಿಗೆ ಎತ್ಕೊಂಡು ಪುಲ್ಲರ್ ತಗೊಂಡ ಕಥೆ

ನಮ್ಮ ಹಳೆ ಕಾರು ಗುಂಡಿ ಇಳಿದಾಗೆಲ್ಲ ಎಡಗಡೆ ಟಕ್ ಟಕ್ ಅಂತಿತ್ತು, ಸ್ಟೇರಿಂಗ್ ಹಿಡಿದ ಕೈಗೂ ಗೊತ್ತಾಗ್ತಿತ್ತು. ಜಾಕಿ ಕೊಟ್ಟು ಕೆಳಗೆ ಸ್ಟ್ಯಾಂಡ್ ಇಟ್ಟು ಟೈರನ್ನ ಗಡಿಯಾರದ 3-9ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದೆ, ಆಟ ಇತ್ತು. 12-6ರಲ್ಲಿ ಹಿಡಿದ್ರೆ ಇಲ್ಲ. ಹಂಗಾದ್ರೆ ವೀಲ್ ಬೇರಿಂಗ್ ಅಲ್ಲ. ಸ್ಟೇರಿಂಗ್ ತಿರುವನ್ನ ಚಕ್ರಕ್ಕೆ ಮುಟ್ಟಿಸೋ ಟೈ ರಾಡ್ ಇದ್ಯಲ್ಲ, ಅದರ ಹೊರಗಿನ ತುದಿಯ ಜಾಯಿಂಟ್ (ಟೈ ರಾಡ್ ಎಂಡ್) ಹೋಗಿತ್ತು, ರಬ್ಬರ್ ಬೂಟ್ ಮೇಲಿಂದ ಹಿಸುಕಿ ನೋಡಿದ್ರೆ ಆ ರಾಡ್ ಸ್ಟೇರಿಂಗಿನ ರ‍್ಯಾಕಿಗೆ (ಅಡ್ಡಡ್ಡ ಸರಿಯೋ ಹಲ್ಲಿನ ಸಲಾಕೆ) ಸೇರೋ ಒಳಗಿನ ಜಾಯಿಂಟ್, ಅಂದ್ರೆ ರ‍್ಯಾಕ್ ಎಂಡೂ ಕಟಕಟ.

ಹೊರಗಿನದು ಸುಲಭ ಅನ್ಕೊಂಡೆ. ಸ್ಪ್ಲಿಟ್ ಪಿನ್ ಕಿತ್ತು ನಟ್ ಬಿಚ್ಚಿದ್ದೂ ಆಯ್ತು, ಆದ್ರೆ ಜಾಯಿಂಟಿನ ಕಡ್ಡಿ ಟೇಪರ್ (ತುದಿ ಕಡೆ ಸಣ್ಣ ಆಗ್ತಾ ಹೋಗೋದು) ಅಲ್ವಾ, ನಕಲ್ (ಚಕ್ರ ಹೊತ್ತಿರೋ ತುಂಡು) ತೂತಲ್ಲಿ ಬೆಣೆ ಹೊಡೆದ ಹಾಗೆ ಕೂತಿರತ್ತೆ. ನಾನು ತುದಿಗೇ ಸುತ್ತಿಗೇಲಿ ಬಾರಿಸಿದೆ, ತುದಿ ಅಣಬೆ ಥರ ಅರಳ್ಕೊಂತು, ಜಾಯಿಂಟ್ ಮಾತ್ರ ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ. "ಬೀದಿಗೆಲ್ಲ ಕೇಳ್ತಿದೆ ಕಣೋ, ಸಾಕು ಮಾಡು" ಅಂತ ಅಮ್ಮ ಬೇರೆ.

ಆ ವಾರ ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡಲ್ಲಿ ಪಾರ್ಟ್ಸ್ ಜೊತೆ ಬಾಲ್ ಜಾಯಿಂಟ್ ಪುಲ್ಲರ್ ತಗೊಂಡೆ. ಎರಡು ದವಡೆ ಇರೋದು, ಹಿಂದಿನ ಬೋಲ್ಟ್ ಟೈಟ್ ಮಾಡ್ತಾ ಹೋದ್ರೆ ಮುಂದೆ ಕಡ್ಡೀನ ಅದುಮತ್ತೆ. ಕವೆ ಥರದ್ದೂ ಸಿಗತ್ತೆ, ಸಂದೀಲಿ ತೂರಿಸಿ ಬಡಿಯೋದು, ಆದ್ರೆ ಅದು ರಬ್ಬರ್ ಬೂಟ್ ಹರಿದು ಹಾಕತ್ತೆ, ಎಸೆಯೋ ಪಾರ್ಟ್ ಆದ್ರೆ ಮಾತ್ರ ಸರಿ. ಅರಳಿದ್ದ ತುದೀನ ಅರದಲ್ಲಿ ಉಜ್ಜಿ ನಟ್ಟನ್ನ ಎರಡು ಸುತ್ತು ಹತ್ತಿಸಿದೆ (ಇದನ್ನ ಮರೀಬೇಡಿ, ಇಲ್ಲಾಂದ್ರೆ ಬಿಟ್ಕೊಂಡಾಗ ಎಲ್ಲಾ ಎಗರತ್ತೆ), ಪುಲ್ಲರ್ ಬೋಲ್ಟ್ ಇನ್ನು ತಿರುಗಲ್ಲ ಅನ್ನೋ ಹೊತ್ತಿಗೆ ಪಟಾಕಿ ಹೊಡೆದ ಹಾಗೆ ಫಟ್ ಅಂತ ಬಿಟ್ಕೊಂತು. ಎರಡು ನಿಮಿಷದ ಕೆಲಸಕ್ಕೆ ಒಂದು ಭಾನುವಾರ ಹಾಳು ಮಾಡಿದ್ದೆ. ಹಳೇದನ್ನ ರಾಡಿಂದ ತಿರುಗಿಸಿ ಬಿಚ್ಚುವಾಗ, ಹೊಸದನ್ನೂ ಅಷ್ಟೇ ಹಾಕೋಕೆ ಅಂತ ಸುತ್ತು ಎಣಿಸ್ಕೊಂಡೆ, 17 ಮುಕ್ಕಾಲು.

ರ‍್ಯಾಕ್ ಎಂಡಿಗೆ ಮಾತ್ರ ಜುಗಾಡ್ ನಡೆಯಲ್ಲ. ಜಾಗ ಎಷ್ಟು ಇಕ್ಕಟ್ಟು ಅಂದ್ರೆ ಪಾನಾ ಹಾಕಿದ್ರೂ ತಿರುಗಿಸೋಕಾಗಲ್ಲ. ಪೈಪ್ ಪಾನಾದಲ್ಲಿ ಕಚ್ಚಿ ತೆಗೆಯೋರಿದಾರೆ, ಜಾರಿ ರ‍್ಯಾಕಿನ ಹೊಳೆಯೋ ಶಾಫ್ಟಿಗೆ ಗೀರು ಬಿದ್ರೆ ಮುಗೀತು. ಗೊತ್ತಿರೋ ಮೆಕ್ಯಾನಿಕ್ ಹತ್ರ ಇದರದ್ದೇ ಟೂಲ್ ಇತ್ತು, ಒಂದಿನಕ್ಕೆ ಇಸ್ಕೊಂಡೆ. ಒಂದು ಉದ್ದ ಕೊಳವೆ ಅಷ್ಟೆ, ರಾಡ್ ಮೇಲಿಂದ ತೂರಿಸ್ಬೇಕು, ಬಾಯಿಗೆ ಸೈಜಿಗೆ ತಕ್ಕ ಬಿಲ್ಲೆ, ಈ ತುದೀಲಿ ಅರ್ಧ ಇಂಚಿನ ರ‍್ಯಾಚೆಟ್. ಮೊದಲು ಲಾಕ್ ವಾಷರಿನ ಮಡಚಿದ ಅಂಚನ್ನ ಉಳೀಲಿ ಬಿಡಿಸಿ, ರ‍್ಯಾಕನ್ನ ಇನ್ನೊಂದು ಪಾನಾದಲ್ಲಿ ಹಿಡ್ಕೊಂಡೆ, ಯಾಕಂದ್ರೆ ಹಾಗೇ ತಿರುಗಿಸಿದ್ರೆ ಜೋರೆಲ್ಲ ಒಳಗಿನ ಪಿನಿಯನ್ (ರ‍್ಯಾಕನ್ನ ಸರಿಸೋ ಸಣ್ಣ ಗಿಯರ್) ಹಲ್ಲಿಗೆ ಹೋಗತ್ತೆ.

ಸುತ್ತು ಎಣಿಸಿ ಹಾಕಿದ್ರೂ ಹೊಸ ಪಾರ್ಟಿನ ಉದ್ದ ಒಂಚೂರು ಬೇರೆ ಇರತ್ತೆ. ಸ್ಟೇರಿಂಗ್ ಸೊಟ್ಟ ನಿಂತಿತ್ತು, ನಿಧಾನಕ್ಕೆ ಓಡಿಸ್ಕೊಂಡು ಅಲೈನ್‌ಮೆಂಟಿಗೆ ಹೋದೆ, ಅಲ್ಲಿಯ ಹುಡುಗ ಟೈ ರಾಡನ್ನ ಅರ್ಧ ಸುತ್ತು ತಿರುಗಿಸಿ ಲಾಕ್ ನಟ್ ಬಿಗಿದ.