ಸರಾಸರಿ ಲೆಕ್ಕ: ಮೊದಲು ಮೊತ್ತ, ಆಮೇಲೆ ಶಾರ್ಟ್‌ಕಟ್

ಪ್ರಶ್ನೆಯಲ್ಲಿ ‘ಸರಾಸರಿ’ ಎಂದು ಕಂಡ ಕೂಡಲೇ ಅದನ್ನು ಮೊತ್ತವಾಗಿ ಬದಲಿಸಿಕೊಳ್ಳಿ: ಮೊತ್ತ = ಸರಾಸರಿ × ಸಂಖ್ಯೆ. ಎರಡು ಗುಂಪುಗಳ ಸರಾಸರಿಗಳನ್ನು ಹಾಗೇ ಕೂಡಿಸಿ ಎರಡರಿಂದ ಭಾಗಿಸಿದರೆ, ಗುಂಪುಗಳು ಸಮ ಗಾತ್ರದವಾಗಿದ್ದಾಗ ಮಾತ್ರ ಉತ್ತರ ಸರಿ ಎಂದು ನಂಬಬಹುದು. ಮೊತ್ತಗಳಿಗೆ ಆ ತಕರಾರಿಲ್ಲ.

24 ವಿದ್ಯಾರ್ಥಿಗಳ ಸರಾಸರಿ ವಯಸ್ಸು 14. ಶಿಕ್ಷಕರನ್ನೂ ಸೇರಿಸಿದರೆ ಸರಾಸರಿ 1 ವರ್ಷ ಏರುತ್ತದೆ. ಶಿಕ್ಷಕರ ವಯಸ್ಸನ್ನು ‘ವ’ ಎಂದಿಟ್ಟುಕೊಳ್ಳಿ.

24 × 14 + ವ = 25 × 15
336 + ವ = 375
ವ = 39

ಶಾರ್ಟ್‌ಕಟ್ ಹೀಗೆ: ಶಿಕ್ಷಕರು ಹೊಸ ಸರಾಸರಿಯಾದ 15ನ್ನು ತಮಗಿಟ್ಟುಕೊಂಡು, ಮಿಕ್ಕಿದ್ದನ್ನು 24 ಮಂದಿಗೆ ತಲಾ 1ರಂತೆ ಹಂಚಿದ್ದಾರೆ. 15 + 24 = 39. ಎಡವುವುದೂ ಇಲ್ಲೇ. ಹಳೆಯ 14ಕ್ಕೆ 24 ಕೂಡಿಸಿ 38 ಎಂದು ಬರೆದುಬಿಡುತ್ತಾರೆ. ಏರಿಕೆಯಲ್ಲಿ ಶಿಕ್ಷಕರಿಗೂ ಒಂದು ಪಾಲಿದೆ ಎಂಬುದು ಮರೆತಿರುತ್ತದೆ. 14ರಿಂದಲೇ ಹೊರಡುವುದಾದರೆ 25 ಕೂಡಿಸಬೇಕು.

ಇದೇ ಯುಕ್ತಿಯನ್ನು ತಿರುಗಿಸಿ ನೋಡಿ. 12ನೇ ಇನ್ನಿಂಗ್ಸ್‌ನಲ್ಲಿ 80 ರನ್ ಹೊಡೆದಾಗ ಸರಾಸರಿ 4 ಏರಿತು. ಹಿಂದಿನ 11 ಇನ್ನಿಂಗ್ಸ್‌ಗಳಿಗೆ ಹಂಚಿದ್ದು 44. ಉಳಿದ 36 ಹೊಸ ಸರಾಸರಿ, ಹಳೆಯದು 32. ತಾಳೆ ನೋಡಿ: 11 × 32 + 80 = 432 = 12 × 36. (ಪ್ರತಿ ಸಲವೂ ಔಟಾಗಿದ್ದಾನೆ ಎಂದೇ ಇಲ್ಲಿನ ಲೆಕ್ಕ. ನಿಜವಾದ ಕ್ರಿಕೆಟ್‌ನಲ್ಲಿ ಔಟಾದ ಸಲಗಳಿಂದ ಭಾಗಿಸುತ್ತಾರೆ.)

ಒಬ್ಬರ ಬದಲು ಇನ್ನೊಬ್ಬರು ಬಂದರೆ ಕೆಲಸ ಸುಲಭ, ಏಕೆಂದರೆ ಸಂಖ್ಯೆ ಬದಲಾಗದು. 12 ಜನರಲ್ಲಿ 58 ಕಿಲೋ ತೂಕದವರು ಹೋಗಿ ಬೇರೊಬ್ಬರು ಬಂದಾಗ ಸರಾಸರಿ 1.5 ಕಿಲೋ ಏರಿದರೆ, ಬಂದವರ ತೂಕ 58 + 12 × 1.5 = 76. ಅಂಕಿ ತಪ್ಪಾಗಿ ಓದಿದ ಲೆಕ್ಕವೂ ಇದೇ ಜಾತಿಯದು: 30 ಸಂಖ್ಯೆಗಳಲ್ಲಿ 84ನ್ನು 48 ಎಂದು ಓದಿ ಸರಾಸರಿ 45 ಬಂದಿದ್ದರೆ, ಕೊರತೆ 36. 36 ÷ 30 = 1.2 ಸೇರಿಸಿ; ಸರಿಯಾದದ್ದು 46.2.

ವೇಗದ ಲೆಕ್ಕದಲ್ಲಿ ಮಾತ್ರ ಹುಷಾರು. ಹೋಗುವಾಗ ಗಂಟೆಗೆ 36 ಕಿಮೀ, ಅದೇ ದಾರಿಯಲ್ಲಿ ಬರುವಾಗ 45. ಸರಾಸರಿ 40.5 ಅಲ್ಲ, ನಿಧಾನದ ಪಯಣಕ್ಕೆ ಹೆಚ್ಚು ಹೊತ್ತು ಹಿಡಿದಿರುತ್ತದೆ. ದೂರ ಕೊಟ್ಟಿಲ್ಲವೆಂದರೆ ಎರಡಕ್ಕೂ ಭಾಗವಾಗುವ 180ನ್ನು ಹಿಡಿಯಿರಿ: 5 + 4 = 9 ಗಂಟೆ, 360 ÷ 9 = 40.

ಎರಡು ಗುಂಪುಗಳ ಅನುಪಾತ ಕೇಳಿದರೆ ವ್ಯತ್ಯಾಸಗಳನ್ನು ಅಡ್ಡಡ್ಡ ಬರೆಯಿರಿ. ಹುಡುಗರ ಸರಾಸರಿ ಅಂಕ 62, ಹುಡುಗಿಯರದು 70, ಒಟ್ಟಾರೆ 65. ಹುಡುಗರು : ಹುಡುಗಿಯರು = (70 − 65) : (65 − 62) = 5 : 3. ಅನುಪಾತ ತಿರುಗುಮುರುಗಾಗಿದೆಯೇ ಎಂಬ ಅನುಮಾನ ಬಂದರೆ ಒಟ್ಟಾರೆ ಸರಾಸರಿ ಯಾರ ಕಡೆಗೆ ವಾಲಿದೆ ನೋಡಿ. 65 ಇರುವುದು 62ರ ಹತ್ತಿರ, ಹಾಗಾಗಿ ಹುಡುಗರೇ ಹೆಚ್ಚಿರಬೇಕು.