ಆರ್‌ಮ್ಯಾನ್ ರಿಕವರಿ ಕ್ಯಾಟಲಾಗ್‌ಗೆ ಬ್ಯಾಕಪ್ ಇಡುವುದು, ಕಳೆದುಹೋದರೆ ಮರಳಿ ಪಡೆಯುವುದು

ಒರಾಕಲ್ ಡೇಟಾಬೇಸ್‌ನ ಬ್ಯಾಕಪ್ ವಿವರಗಳನ್ನು ಆರ್‌ಮ್ಯಾನ್ (ಒರಾಕಲ್‌ನ ಬ್ಯಾಕಪ್ ಮತ್ತು ರಿಕವರಿ ಸಾಧನ) ಮೊದಲು ಬರೆದಿಡುವುದು ಆಯಾ ಡೇಟಾಬೇಸ್‌ನ ರಚನೆಯನ್ನು ದಾಖಲಿಸುವ ಕಂಟ್ರೋಲ್ ಫೈಲ್‌ನಲ್ಲಿ. ಆದರೆ ಅಲ್ಲಿ ಹಳೆಯ ದಾಖಲೆಗಳು ಬಹುಕಾಲ ಉಳಿಯುವ ಖಾತರಿಯಿಲ್ಲ. ಕಂಟ್ರೋಲ್ ಫೈಲ್ ರೆಕಾರ್ಡ್ ಕೀಪ್ ಟೈಮ್ ಎಂಬ ಪ್ಯಾರಾಮೀಟರ್ ಅನ್ನು ಬದಲಿಸದಿದ್ದರೆ ಅದು 7 ದಿನಕ್ಕೆ ನಿಂತಿರುತ್ತದೆ, ಆಮೇಲೆ ಹಳೆಯ ದಾಖಲೆಯ ಮೇಲೆ ಹೊಸದು ಬರೆಯಲ್ಪಡಬಹುದು. ಆದ್ದರಿಂದ ತಿಂಗಳುಗಳ ಹಿಂದಿನ ಲೆಕ್ಕಕ್ಕೆ, ಈ ವಿವರಗಳನ್ನು ಪ್ರತ್ಯೇಕ ಡೇಟಾಬೇಸ್‌ನಲ್ಲಿ ಕೂಡಿಡುವ ರಿಕವರಿ ಕ್ಯಾಟಲಾಗ್ ಆಧಾರ; ಆರ್‌ಮ್ಯಾನ್‌ನಲ್ಲಿ ಉಳಿಸಿಟ್ಟ ಸ್ಕ್ರಿಪ್ಟ್‌ಗಳಂತೂ ಅಲ್ಲಿ ಮಾತ್ರ ಇರುತ್ತವೆ. ಅನೇಕ ಡೇಟಾಬೇಸ್‌ಗಳನ್ನು ಕಾಯುವ ಕ್ಯಾಟಲಾಗ್‌ಗೇ ಕಾವಲಿಲ್ಲದಿರುವುದು ನಿಜಕ್ಕೂ ಆತಂಕದ ವಿಷಯ.

ಕ್ಯಾಟಲಾಗ್ ಡೇಟಾಬೇಸ್ ಅನ್ನು ಟಾರ್ಗೆಟ್ ಡೇಟಾಬೇಸ್ (ಬ್ಯಾಕಪ್ ಆಗಬೇಕಾದ ಡೇಟಾಬೇಸ್) ಇರುವ ಸರ್ವರ್‌ನಲ್ಲಿ ಇಡಬಾರದು, ಒಂದೇ ಡಿಸ್ಕ್‌ನಲ್ಲಂತೂ ಕೂಡದು. ಅದನ್ನು ಆರ್ಕೈವ್‌ಲಾಗ್ ಮೋಡ್‌ನಲ್ಲಿ (ಬದಲಾವಣೆಗಳ ಲಾಗ್‌ಗಳನ್ನು ಉಳಿಸಿಡುವ ಸ್ಥಿತಿಯಲ್ಲಿ) ನಡೆಸಿ, ಕಂಟ್ರೋಲ್ ಫೈಲ್ ಆಟೋಬ್ಯಾಕಪ್ ಆನ್ ಮಾಡಿ, ರಿಡಂಡೆನ್ಸಿಯನ್ನು (ಉಳಿಸಿಡುವ ಬ್ಯಾಕಪ್‌ಗಳ ಸಂಖ್ಯೆಯನ್ನು) 1ಕ್ಕಿಂತ ಹೆಚ್ಚು ಇಟ್ಟು, ಪ್ರತಿಗಳನ್ನು ಡಿಸ್ಕ್ ಮತ್ತು ಟೇಪ್ ಎರಡರಲ್ಲೂ ಇರಿಸಬೇಕು. ಇಲ್ಲಿ ಮರೆಯಬಾರದ ನಿಯಮ ಒಂದಿದೆ: ಕ್ಯಾಟಲಾಗ್ ಡೇಟಾಬೇಸ್‌ನ ಬ್ಯಾಕಪ್ ವಿವರಗಳು ಅದೇ ಕ್ಯಾಟಲಾಗ್‌ನೊಳಗೆ ಮಾತ್ರ ಇರಬಾರದು, ಏಕೆಂದರೆ ಅದು ಬಿದ್ದ ದಿನ ಆ ವಿವರಗಳೂ ಕೈಗೆ ಸಿಗುವುದಿಲ್ಲ. ಹಾಗಾಗಿ ಆರ್‌ಮ್ಯಾನ್‌ನಲ್ಲಿ ನೋಕ್ಯಾಟಲಾಗ್ ಆಯ್ಕೆಯಿಂದ, ಅಂದರೆ ಕ್ಯಾಟಲಾಗ್ ಬಳಸದೆ, ಸಂಪರ್ಕಿಸಿ, ಬ್ಯಾಕಪ್ ಡೇಟಾಬೇಸ್ ಪ್ಲಸ್ ಆರ್ಕೈವ್‌ಲಾಗ್ ಕಮಾಂಡ್ ಅನ್ನು ಟಾರ್ಗೆಟ್‌ಗಳ ಬ್ಯಾಕಪ್ ಮುಗಿದ ನಂತರ ಓಡಿಸಬೇಕು. ಮೊದಲೇ ಓಡಿಸಿದರೆ ಆ ದಿನದ ವಿವರಗಳು ಅದರಲ್ಲಿ ಸೇರುವುದಿಲ್ಲ. ಒರಾಕಲ್‌ನ ಎಕ್ಸ್‌ಪೋರ್ಟ್ ಸಾಧನವಾದ ಡೇಟಾ ಪಂಪ್‌ನಿಂದ ಕ್ಯಾಟಲಾಗ್ ಸ್ಕೀಮಾದ ಎಕ್ಸ್‌ಪೋರ್ಟ್ ತೆಗೆದಿಡುವುದು ಒಳ್ಳೆಯದೇ, ಆದರೆ ಅದು ಹೆಚ್ಚುವರಿ ಆಸರೆ ಮಾತ್ರ. ಕ್ಯಾಟಲಾಗ್ ಡೇಟಾಬೇಸ್‌ನ ಗುರುತಿನ ಸಂಖ್ಯೆಯಾದ ಡಿಬಿಐಡಿಯನ್ನು ಸರ್ವರ್‌ನ ಹೊರಗೆ, ಸಾಧ್ಯವಾದರೆ ಕಾಗದದ ಮೇಲೆಯೂ, ಬರೆದಿಡಿ.

ಎಲ್ಲವೂ ಕಳೆದುಹೋದಾಗ ಆ ಸಂಖ್ಯೆಯೇ ಮೊದಲು ಬೇಕಾಗುತ್ತದೆ. ಹೊಸ ಸರ್ವರ್‌ನಲ್ಲಿ ಸೆಟ್ ಡಿಬಿಐಡಿ ಕೊಟ್ಟು, ನೋಮೌಂಟ್ ಸ್ಥಿತಿಯಲ್ಲಿ (ಕಂಟ್ರೋಲ್ ಫೈಲ್ ತೆರೆಯುವ ಮುನ್ನ) ಆಟೋಬ್ಯಾಕಪ್‌ನಿಂದ ಪ್ಯಾರಾಮೀಟರ್‌ಗಳಿರುವ ಎಸ್‌ಪಿಫೈಲ್ ಪಡೆದು, ಅದರಿಂದಲೇ ಇನ್‌ಸ್ಟನ್ಸ್ ಅನ್ನು ಮತ್ತೆ ನೋಮೌಂಟ್‌ಗೆ ತಂದು, ಕಂಟ್ರೋಲ್ ಫೈಲ್ ರಿಸ್ಟೋರ್ ಮಾಡಬೇಕು. ಅನಂತರ ಮೌಂಟ್ ಮಾಡಿ, ಡೇಟಾಬೇಸ್ ರಿಸ್ಟೋರ್ ಮಾಡಿ, ಲಭ್ಯವಿರುವ ಕೊನೆಯ ಆರ್ಕೈವ್ ಲಾಗ್‌ವರೆಗೆ ರಿಕವರ್ ಮಾಡಿ, ಲಾಗ್‌ಗಳನ್ನು ಹೊಸದಾಗಿ ಆರಂಭಿಸುವ ಓಪನ್ ರೀಸೆಟ್‌ಲಾಗ್ಸ್‌ನಿಂದ ತೆರೆಯಬೇಕು.

ಡೇಟಾಬೇಸ್ ತೆರೆದುಕೊಂಡಿತೆಂದು ಕೆಲಸ ಮುಗಿಯುವುದಿಲ್ಲ. ಪ್ರತಿ ಟಾರ್ಗೆಟ್‌ಗೂ ಸಂಪರ್ಕಿಸಿ ರೀಸಿಂಕ್ ಕ್ಯಾಟಲಾಗ್ ಓಡಿಸಿದರೆ, ನಡುವಿನ ಅವಧಿಯ ದಾಖಲೆಗಳು ಕಂಟ್ರೋಲ್ ಫೈಲ್‌ನಿಂದ ತುಂಬಿಕೊಳ್ಳುತ್ತವೆ. ಆ ಅವಧಿ ಕೀಪ್ ಟೈಮ್‌ಗಿಂತ ಉದ್ದವಾಗಿದ್ದರೆ ಕೆಲವು ದಾಖಲೆಗಳು ಅಲ್ಲಿಯೂ ಅಳಿಸಿರಬಹುದು. ಆಗ ಡಿಸ್ಕ್‌ನಲ್ಲಿರುವ ಬ್ಯಾಕಪ್ ಫೈಲ್‌ಗಳನ್ನು ಕ್ಯಾಟಲಾಗ್ ಸ್ಟಾರ್ಟ್ ವಿತ್ ಕಮಾಂಡ್‌ನಿಂದ ಮತ್ತೆ ಸೇರಿಸಿ, ದಾಖಲೆಯಲ್ಲಿರುವ ಫೈಲ್‌ಗಳು ನಿಜಕ್ಕೂ ಇವೆಯೇ ಎಂದು ಕ್ರಾಸ್‌ಚೆಕ್ ಮಾಡಿ, ಇಲ್ಲದ ಫೈಲ್‌ಗಳು ಎಕ್ಸ್‌ಪೈರ್ಡ್ ಎಂದು ಗುರುತಾಗಿವೆಯೇ ನೋಡಬೇಕು. ಈ ಕಾರಣಕ್ಕಾಗಿಯೇ ಕೀಪ್ ಟೈಮ್ ಅನ್ನು 7 ದಿನಕ್ಕೆ ಬಿಡದೆ, ಕ್ಯಾಟಲಾಗ್‌ನ ಎರಡು ಬ್ಯಾಕಪ್‌ಗಳ ನಡುವಿನ ಅಂತರಕ್ಕಿಂತ ಬಹಳಷ್ಟು ಹೆಚ್ಚಿಸಿಡುವುದು ಸರಿಯೆಂದು ನನ್ನ ಅಭಿಪ್ರಾಯ. ಕ್ಯಾಟಲಾಗ್‌ನ ಬ್ಯಾಕಪ್ ಸಿಗದೇ ಹೋದರೆ ಹೊಸ ಕ್ಯಾಟಲಾಗ್ ರಚಿಸಿ, ಟಾರ್ಗೆಟ್‌ಗಳನ್ನು ರಿಜಿಸ್ಟರ್ ಮಾಡಬಹುದು. ಆದರೆ ಉಳಿಸಿಟ್ಟ ಸ್ಕ್ರಿಪ್ಟ್‌ಗಳು ಮರಳಿ ಬರುವುದಿಲ್ಲ.

ಈ ಕ್ರಮವನ್ನು ಆಗಾಗ ಬೇರೊಂದು ಯಂತ್ರದಲ್ಲಿ ಪೂರ್ತಿಯಾಗಿ ನಡೆಸಿ ನೋಡಿ. ರಿಸ್ಟೋರ್ ಆದ ಪ್ರತಿಯ ಆರ್‌ಸಿ ಡೇಟಾಬೇಸ್ ವ್ಯೂನಲ್ಲಿ (ನೋಂದಾಯಿತ ಡೇಟಾಬೇಸ್‌ಗಳ ಪಟ್ಟಿಯಲ್ಲಿ) ಎಲ್ಲ ಟಾರ್ಗೆಟ್‌ಗಳ ಹೆಸರೂ ಇವೆಯೇ ಎಂದು ಪರಿಶೀಲಿಸಿ. ಆ ಪ್ರತಿಯಿಂದ ಡಿಲೀಟ್ ಕಮಾಂಡ್‌ಗಳನ್ನು ಯಾವ ಕಾರಣಕ್ಕೂ ಓಡಿಸಬೇಡಿ, ಬ್ಯಾಕಪ್ ಜಾಗ ಹಂಚಿಕೆಯದಾಗಿದ್ದರೆ ಅಸಲಿ ಫೈಲ್‌ಗಳೇ ಅಳಿದುಹೋಗುತ್ತವೆ.